ಕೀಲೆಣ್ಣೆಯಿಂದ ಸಿಂಥೆಟಿಕ್ ಆಯಿಲ್‌ವರೆಗೆ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿ ಹಬ್ಬ ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಅಧ್ಯಕ್ಷರೂ ಕಾರ್ಯದರ್ಶಿಗಳೂ ಕೇಳಿದರು. ಸಂಘ ಬೆಳೆದು ಬಂದ ದಾರಿಯ ಬಗ್ಗೆ ಹಿರಿಯರು ಬರೆಯುತ್ತಿದ್ದಾರೆ. ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ನಿಂತ ನನಗೆ ಗೊತ್ತಿರುವುದು ಗದ್ದೆ, ಕಬ್ಬು, ಟ್ರ್ಯಾಕ್ಟರು ಇಷ್ಟೇ. ಆದ್ದರಿಂದ ನಮ್ಮ ಸದಸ್ಯರಲ್ಲಿ ಬಹಳ ದಿನದಿಂದ ಚರ್ಚೆಯಾಗುತ್ತಿರುವ ಒಂದು ವಿಚಾರವನ್ನೇ ಎತ್ತಿಕೊಂಡಿದ್ದೇನೆ. ಓಡಿ ಓಡಿ ಸವೆದ ಹಳೆಯ ಟ್ರ್ಯಾಕ್ಟರಿಗೆ, ಜೀಪಿಗೆ, ಮಿನಿಲಾರಿಗೆ ಈಗ ಬಂದಿರುವ ಸಿಂಥೆಟಿಕ್ ಆಯಿಲ್ ಹಾಕಬಹುದೋ ಬೇಡವೋ ಎಂಬುದೇ ಆ ವಿಚಾರ.

ಸಂಘದ ಬಾಡಿಗೆ ಟ್ರ್ಯಾಕ್ಟರೇ ಹಳೆಯದು. ಸದಸ್ಯರ ಮನೆಗಳಲ್ಲಿರುವ ಟ್ರ್ಯಾಕ್ಟರುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಹಳೆಯವೇ. ಇಂಜಿನ್ ಬಿಚ್ಚಿ ಬೋರ್ ಮಾಡಿಸೋದು ಅಂದರೆ ಸಣ್ಣ ರೈತನಿಗೆ ಒಂದು ಬೆಳೆಯ ಕಬ್ಬಿನ ದುಡ್ಡು ಹೋದಂತೆ. ಅದಕ್ಕೇ ಈ ವಿಷಯ ಬಂದಾಗಲೆಲ್ಲ ಒಬ್ಬರು "ಒಳ್ಳೇ ಆಯಿಲ್ ಹಾಕ್ಸುದ್ರೆ ಇಂಜಿನ್ನು ಇನ್ನೂ ಹತ್ತು ವರ್ಸ ಬತ್ತದೆ" ಅಂತಾರೆ. ಇನ್ನೊಬ್ಬರು "ಅಯ್ಯೋ ಬುಡಣ್ಣ, ಹಳೇ ಇಂಜಿನ್ಗೆ ಅದ ಹಾಕುದ್ರೆ ಸೀಲೆಲ್ಲ ಕಿತ್ಕಂಡು ಸೋರ್ತದೆ" ಅಂತಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಈ ಭಯ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಅದಕ್ಕೂ ಒಂದು ಚರಿತ್ರೆ ಇದೆ. ಆ ಚರಿತ್ರೆ ನಮ್ಮ ಹೊಲದ ಹರಳು ಗಿಡದಿಂದಲೇ ಶುರುವಾಗುತ್ತದೆ.

ಗಾಡಿ ಕೀಲಿನ ಕಾಲ

ನಮ್ಮ ನಾಲ್ಕು ತಾಲ್ಲೂಕುಗಳು ಎತ್ತಿನ ಗಾಡಿಯ ಸೀಮೆ. ಹಳ್ಳಿಕಾರ್ ಎತ್ತು, ಅಮೃತ ಮಹಲ್ ಎತ್ತು ಅಂದರೆ ಇವತ್ತಿಗೂ ನಮ್ಮ ಕಡೆ ಮರ್ಯಾದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಹೆಸರಿಟ್ಟನು. ಶ್ರೀರಂಗಪಟ್ಟಣದಿಂದ ಹೊರಟ ಫಿರಂಗಿ ಗಾಡಿಗಳನ್ನು ಎಳೆದದ್ದು ಈ ಎತ್ತುಗಳೇ. ಎತ್ತು ಎಷ್ಟೇ ಗಟ್ಟಿಯಿರಲಿ, ಅಚ್ಚಿಗೂ ಚಕ್ರದ ಗುಂಬಕ್ಕೂ ನಡುವೆ ಎಣ್ಣೆ ಇಲ್ಲದಿದ್ದರೆ ಗಾಡಿ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ, ಎತ್ತು ದಣಿಯುತ್ತದೆ.

ಅದಕ್ಕಿದ್ದದ್ದು ಕೀಲೆಣ್ಣೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳಿನ ಜೊತೆ ಹರಳನ್ನೂ ಹಾಕುತ್ತಿದ್ದರು. ಆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಗಾಡಿ ಕೆಳಗೆ ತೂಗುಹಾಕಿದ ಬಿದಿರಿನ ಕೊಳವೆಯಲ್ಲಿ ತುಂಬಿಡುತ್ತಿದ್ದರು. ಕಡಾಣಿ ಕಿತ್ತು, ಚಕ್ರ ಸರಿಸಿ, ಕೀಲಿಗೆ ಬಳಿದು ಮತ್ತೆ ಕಡಾಣಿ ಜಡಿದರೆ ಸಂತೆಗೆ ಹೋಗಿ ಬರಬಹುದಿತ್ತು. ಹುಚ್ಚೆಳ್ಳೆಣ್ಣೆ, ಕಡಲೆಕಾಯಿ ಎಣ್ಣೆ ಬಿಟ್ಟು ಹರಳೆಣ್ಣೆಯೇ ಯಾಕೆ? ಅದು ಎಲ್ಲಕ್ಕಿಂತ ಮಂದ, ಕಬ್ಬಿಣಕ್ಕೆ ಅಂಟಿ ನಿಲ್ಲುತ್ತದೆ, ಬೇಗ ಜಾರಿಹೋಗುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮಾರನೆಯ ವರ್ಷವೇ ಈ ಸೀಮೆಯಲ್ಲಿ ಸಂಚಾರ ಮಾಡಿದ ಕಂಪನಿ ಸರ್ಕಾರದ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಹರಳು ಬೇಸಾಯವನ್ನೂ ಎಣ್ಣೆ ತೆಗೆಯುವ ರೀತಿಯನ್ನೂ ಬರೆದಿಟ್ಟಿದ್ದಾನೆ.

ಮಂದ ಇರಬೇಕು, ಅಂಟಿ ನಿಲ್ಲಬೇಕು, ಬಿಸಿಗೆ ತೆಳ್ಳಗಾಗಬಾರದು. ನಮ್ಮ ತಾತಂದಿರು ಕೀಲೆಣ್ಣೆಯಲ್ಲಿ ನೋಡುತ್ತಿದ್ದ ಈ ಗುಣಗಳನ್ನೇ ಇವತ್ತಿನ ಇಂಜಿನ್ ಆಯಿಲ್‌ನಲ್ಲೂ ನೋಡುತ್ತಾರೆ.

ಹರಳೆಣ್ಣೆ ವಿಮಾನಕ್ಕೆ ಹೋಯಿತು

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಎಂಬಾತ ಬಾವಿ ಕೊರೆಸಿ ಭೂಮಿಯಿಂದ ಎಣ್ಣೆ ತೆಗೆದನು. ನಮ್ಮ ದೇಶದಲ್ಲಿ ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಎಣ್ಣೆ ಸಿಕ್ಕಿ, 1901ರಲ್ಲಿ ಅಲ್ಲೇ ಶುದ್ಧೀಕರಣ ಕಾರ್ಖಾನೆ ಆಯಿತು. ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ತೆಗೆದ ಮೇಲೆ ಉಳಿಯುವ ಮಂದ ಎಣ್ಣೆಯನ್ನು ಶುದ್ಧಿ ಮಾಡಿ ಯಂತ್ರಗಳಿಗೆ ಹಾಕತೊಡಗಿದರು. ಈಗ ನಾವು ಮಿನರಲ್ ಆಯಿಲ್ ಅನ್ನುವುದು ಇದನ್ನೇ.

ಆದರೂ ಹರಳೆಣ್ಣೆ ಕೂಡಲೇ ಮೂಲೆಗೆ ಹೋಗಲಿಲ್ಲ. ಕಾರು, ವಿಮಾನಗಳ ಮೊದಲ ಇಂಜಿನ್ನುಗಳ ಬಿಸಿಗೆ ಆ ಕಾಲದ ಮಿನರಲ್ ಆಯಿಲ್ ತಡೆಯುತ್ತಿರಲಿಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯು ಹರಳೆಣ್ಣೆ ಸೇರಿಸಿದ ಆಯಿಲ್ ಮಾಡಿ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎಂದರೆ ನಮ್ಮ ಹರಳು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಹಾರಿದ ಎಷ್ಟೋ ವಿಮಾನಗಳ ಇಂಜಿನ್ನಿಗೆ ಹರಳೆಣ್ಣೆಯೇ ಆಧಾರವಾಗಿತ್ತು.

ಆದರೆ ಅದಕ್ಕೆ ಎರಡು ದೋಷ ಇದ್ದವು. ಬಹಳ ಬಿಸಿಯಾದರೆ ಅದು ಗೋಂದಿನ ಹಾಗೆ ಅಂಟಾಗಿ ಪಿಸ್ಟನ್, ರಿಂಗುಗಳಿಗೆ ಮೆತ್ತಿಕೊಳ್ಳುತ್ತಿತ್ತು. ಜೊತೆಗೆ ಮಿನರಲ್ ಆಯಿಲ್ ಸಂಗಡ ಚೆನ್ನಾಗಿ ಬೆರೆಯುತ್ತಿರಲಿಲ್ಲ. ಹರಳೆಣ್ಣೆಯಲ್ಲಿ ಓಡಿದ ಇಂಜಿನ್ನಿಗೆ ಮಿನರಲ್ ಆಯಿಲ್ ಹಾಕಬೇಕಾದರೆ ಬಿಚ್ಚಿ ತೊಳೆಯಲೇಬೇಕಾಗಿತ್ತು. "ಒಂದು ಜಾತಿ ಆಯಿಲ್‌ಗೆ ಇನ್ನೊಂದು ಜಾತಿ ಬೆರೆಸಬಾರದು" ಎಂಬ ಮಾತು ಈ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಇದು ಮೊದಲನೆಯ ಭಯ. ಆ ಕಾಲಕ್ಕೆ ಅದು ನಿಜ.

ನೀರೆತ್ತುವ ಇಂಜಿನ್ನು

ಇತ್ತ ನಮ್ಮ ಸೀಮೆಯೂ ಬದಲಾಗುತ್ತಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆ ಕೆಲಸ ಶುರುವಾಯಿತು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆ ಆಯಿತು. ಆಮೇಲೆ ಪಾಂಡವಪುರದಲ್ಲಿ ರೈತರ ಷೇರಿನಿಂದಲೇ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು.

ನಾಲೆ ನೀರು ಹತ್ತದ ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಮೇಲಿನ ಜಮೀನುಗಳಲ್ಲಿ ಬಾವಿಯೇ ಗತಿ. ಕರೆಂಟು ಬರುವ ಮುಂಚೆ ಕಪಿಲೆ ಹೊಡೆಯುತ್ತಿದ್ದ ಜಾಗಕ್ಕೆ ಡೀಸೆಲ್ ಇಂಜಿನ್ ಬಂತು. ಆಲೆಮನೆಯ ಗಾಣಕ್ಕೂ ಎತ್ತಿನ ಬದಲು ಇಂಜಿನ್ನೇ ಬಂತು. 1929ರಲ್ಲಿ ಇಂಗ್ಲೆಂಡಿನ ಲಿಸ್ಟರ್ ಕಂಪನಿ ಹೊರತಂದ ನಿಧಾನವಾಗಿ ತಿರುಗುವ, ದೊಡ್ಡ ಚಕ್ರದ ಇಂಜಿನ್ನನ್ನು ನೋಡಿ ಗುಜರಾತಿನ ರಾಜಕೋಟೆಯಲ್ಲಿ ಅಂಥವನ್ನೇ ಸಾವಿರಾರು ಮಾಡಿದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಆರಂಭವಾಯಿತು.

ಆ ಲಿಸ್ಟರ್ ಜಾತಿಯ ಇಂಜಿನ್ನುಗಳಲ್ಲಿ ಬಹಳಷ್ಟಕ್ಕೆ ಆಯಿಲ್ ಫಿಲ್ಟರೇ ಇರಲಿಲ್ಲ. ಕನೆಕ್ಟಿಂಗ್ ರಾಡಿನ ತುದಿ ಚೇಂಬರಿನ ಆಯಿಲ್‌ಗೆ ಬಡಿದು ಎರಚುತ್ತಿತ್ತು, ಅದೇ ಬೇರಿಂಗಿಗೆ ಹೋಗುತ್ತಿತ್ತು. ಮಸಿ, ಕೆಸರು ಎಲ್ಲಾ ತಳಕ್ಕೆ ಕೂರುತ್ತಿತ್ತು. ಆಗಾಗ ಚೇಂಬರ್ ಬಿಚ್ಚಿ ಬಳಿದು ಹಾಕಿದರೆ ಆಯಿತು.

ಅಷ್ಟರಲ್ಲಿ ಅಮೆರಿಕದಲ್ಲಿ ಇನ್ನೊಂದು ಕಥೆ ನಡೆದಿತ್ತು. 1930ರ ದಶಕದಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿಯ ಹೊಸ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಪಿಸ್ಟನ್ ರಿಂಗುಗಳು ಮಸಿಯಿಂದ ಅಂಟಿ ಕೂರತೊಡಗಿದವು. ಅದನ್ನು ತಪ್ಪಿಸಲು ಆಯಿಲ್‌ಗೆ ಡಿಟರ್ಜೆಂಟ್ ಸೇರಿಸಿದರು. ಬಟ್ಟೆ ಸೋಪು ಕೊಳೆ ಬಿಡಿಸುವ ಹಾಗೆ ಇದು ಮಸಿಯನ್ನು ಬಿಡಿಸಿ ಆಯಿಲ್‌ನಲ್ಲೇ ತೇಲಿಸುತ್ತದೆ, ಆಯಿಲ್ ಬದಲಿಸಿದಾಗ ಕೊಳೆಯೂ ಹೊರಗೆ ಹೋಗುತ್ತದೆ. ಇವತ್ತು ಡೀಸೆಲ್ ಇಂಜಿನ್ ಆಯಿಲ್ ಬೇಗ ಕಪ್ಪಾದರೆ "ಆಯಿಲ್ ಸರಿ ಇಲ್ಲ" ಅನ್ನುವವರಿದ್ದಾರೆ. ಮಸಿಯನ್ನು ಹೊತ್ತುಕೊಂಡದ್ದರಿಂದಲೇ ಅದು ಕಪ್ಪಾಗುತ್ತದೆ, ಅದರ ಕೆಲಸ ಅದು ಮಾಡುತ್ತಿದೆ ಅಂತ ಅರ್ಥ.

ಆದರೆ ವರ್ಷಗಟ್ಟಲೆ ಕೊಳೆ ಕೂತ, ಫಿಲ್ಟರ್ ಇಲ್ಲದ ಹಳೇ ಇಂಜಿನ್ನಿಗೆ ಡಿಟರ್ಜೆಂಟ್ ಆಯಿಲ್ ಹಾಕಿದರೆ ತಳದಲ್ಲಿದ್ದದ್ದೆಲ್ಲ ಎದ್ದು ಬೇರಿಂಗಿಗೆ ಹೋಗುವ ಅಪಾಯ ಇತ್ತು. "ಹಳೇದಕ್ಕೆ ಹಳೇ ಆಯಿಲ್ಲೇ ವಾಸಿ" ಎಂದು ಮೆಕ್ಯಾನಿಕ್ಕುಗಳು ಹೇಳಿದ್ದರಲ್ಲಿ ತಪ್ಪಿಲ್ಲ. ಇದು ಎರಡನೆಯ ಭಯ. ಇದೂ ಅದರ ಕಾಲಕ್ಕೆ ನಿಜ.

ಟ್ರ್ಯಾಕ್ಟರ್ ಬಂದ ಮೇಲೆ

1960ರಲ್ಲಿ ಮದರಾಸಿನಲ್ಲಿ ಟ್ಯಾಫೆ ಸ್ಥಾಪನೆಯಾಗಿ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳು ಬಂದವು. ಅದೇ ದಶಕದಲ್ಲಿ ಮಹೀಂದ್ರದವರ ಇಂಟರ್‌ನ್ಯಾಷನಲ್ ಬಿ-275 ಬಂತು. 1971ರಲ್ಲಿ ಎಚ್.ಎಂ.ಟಿ.ಯವರ ಜೀಟರ್ ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಿದ್ದ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ನಮ್ಮ ಊರುಗಳ ರಸ್ತೆಯಲ್ಲಿ ಓಡಿದವು. ಆ ಬೈಕುಗಳಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕಿತ್ತು. 1996ರಲ್ಲಿ ಆ ಕಾರ್ಖಾನೆ ನಿಂತರೂ ಆ ಸದ್ದು ಕೇಳಿದರೆ ಈಗಲೂ ಜನ ತಿರುಗಿ ನೋಡುತ್ತಾರೆ.

1972ರಲ್ಲಿ ಇಂಡಿಯನ್ ಆಯಿಲ್ ಕಂಪನಿಯ ಸರ್ವೋ ಆಯಿಲ್ ಮಾರುಕಟ್ಟೆಗೆ ಬಂತು. ಆಗ ನಮ್ಮ ಕಡೆ 30 ನಂಬರ್, 40 ನಂಬರ್ ಆಯಿಲ್ ಎನ್ನುವುದೇ ವಾಡಿಕೆ. ಈ ನಂಬರು ಆಯಿಲ್ ಎಷ್ಟು ಮಂದ ಎನ್ನುವುದರ ಗುರುತು. ಅಮೆರಿಕದ ಎಸ್.ಎ.ಇ. ಸಂಸ್ಥೆ 1911ರಲ್ಲಿ ಇದನ್ನು ಶುರುಮಾಡಿತು. ಆಮೇಲೆ ಬಂದದ್ದು 20ಡಬ್ಲ್ಯೂ-40, 15ಡಬ್ಲ್ಯೂ-40 ಎಂಬ ಮಲ್ಟಿಗ್ರೇಡ್. ಮೊದಲ ನಂಬರು ಚಳಿಯಲ್ಲಿ ಹೇಗೆ ಹರಿಯುತ್ತದೆ ಎಂದೂ, ಎರಡನೆಯದು ಇಂಜಿನ್ ಬಿಸಿಯಾದಾಗ ಎಷ್ಟು ಮಂದ ಉಳಿಯುತ್ತದೆ ಎಂದೂ ಹೇಳುತ್ತದೆ. 1990ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರ ಈ ವ್ಯಾಪಾರ ಮುಕ್ತಗೊಳಿಸಿದ ಮೇಲೆ ವಿದೇಶಿ ಕಂಪನಿಗಳ ಡಬ್ಬಿಗಳೂ ಅಂಗಡಿ ತುಂಬಿದವು. ಅವುಗಳ ಜೊತೆ ನಕಲಿ ಡಬ್ಬಿಗಳೂ ಬಂದವು ಎನ್ನುವುದನ್ನು ಮರೆಯಬಾರದು.

ಸಿಂಥೆಟಿಕ್ ಎಂದರೇನು?

ಮಿನರಲ್ ಆಯಿಲ್ ಭೂಮಿಯಿಂದ ಬಂದದ್ದನ್ನು ಸೋಸಿ ಶುದ್ಧಿ ಮಾಡಿದ್ದು. ಅದರ ಕಣಗಳು ಜರಡಿ ಹಿಡಿಯದ ಜಲ್ಲಿಯ ಹಾಗೆ ದಪ್ಪ ಸಣ್ಣ ಇರುತ್ತವೆ. ಸಿಂಥೆಟಿಕ್ ಆಯಿಲ್‌ನಲ್ಲಿ ಕಣಗಳನ್ನು ಕಾರ್ಖಾನೆಯಲ್ಲಿ ಬೇಕಾದ ಅಳತೆಗೆ ಜೋಡಿಸಿರುತ್ತಾರೆ. ಆದ್ದರಿಂದ ಅದು ಬಿಸಿಗೆ ಬೇಗ ಕೆಡುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ, ಆವಿಯಾಗಿ ಕಡಿಮೆಯಾಗುವುದೂ ಕಡಿಮೆ.

ಇದು ನಿನ್ನೆ ಮೊನ್ನೆಯದಲ್ಲ. 1877ರಲ್ಲೇ ಫ್ರೆಂಚ್ ವಿಜ್ಞಾನಿ ಫ್ರೀಡೆಲ್ ಮತ್ತು ಅಮೆರಿಕದ ಕ್ರಾಫ್ಟ್ಸ್ ಇಂಥ ಎಣ್ಣೆಯನ್ನು ಪ್ರಯೋಗಶಾಲೆಯಲ್ಲಿ ಮಾಡಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಯಂ ಸಾಲದೆ, ರಷ್ಯಾದ ಚಳಿಗೆ ಆಯಿಲ್ ಹೆಪ್ಪುಗಟ್ಟಿ ಜರ್ಮನಿಯವರು ಇದನ್ನು ಬೆಳೆಸಿದರು. ಆಮೇಲೆ ಜೆಟ್ ವಿಮಾನಗಳಿಗೆ ಇದೇ ಆಯಿಲ್ ಬೇಕಾಯಿತು. 1970ರ ದಶಕದಲ್ಲಿ ಆಮ್ಸಾಯಿಲ್, ಮೊಬಿಲ್ 1 ಎಂಬ ಹೆಸರಿನಲ್ಲಿ ಸಾಮಾನ್ಯ ಕಾರುಗಳಿಗೂ ಬಂತು.

ಮೂರನೆಯ ಭಯ ಹುಟ್ಟಿದ್ದು ಇಲ್ಲೇ. ಆ ಮೊದಲ ಸಿಂಥೆಟಿಕ್ ಆಯಿಲ್‌ಗಳಲ್ಲಿ ಒಂದು ಜಾತಿ ರಬ್ಬರ್ ಸೀಲನ್ನು ಕುಗ್ಗಿಸುತ್ತಿತ್ತು, ಇನ್ನೊಂದು ಜಾತಿ ಉಬ್ಬಿಸುತ್ತಿತ್ತು. ಮಿನರಲ್ ಆಯಿಲ್‌ಗೆ ಒಗ್ಗಿದ ಹಳೇ ಇಂಜಿನ್ನುಗಳು ಸೋರಿದ್ದೂ ಉಂಟು. ಕಂಪನಿಗಳು ಕುಗ್ಗಿಸುವುದನ್ನೂ ಉಬ್ಬಿಸುವುದನ್ನೂ ಅಳತೆ ನೋಡಿ ಬೆರೆಸಿ ಈ ದೋಷವನ್ನು ಸರಿಮಾಡಿ ದಶಕಗಳೇ ಆದವು. ಈಗಿನ ಸಿಂಥೆಟಿಕ್ ಆಯಿಲ್ ಮಿನರಲ್ ಆಯಿಲ್ ಸಂಗಡ ಬೆರೆಯುತ್ತದೆ, ಒಳ್ಳೆಯ ಸೀಲನ್ನು ಕಿತ್ತುಹಾಕುವುದಿಲ್ಲ. ಆದರೆ 1970ರ ಮಾತು ಮಾತ್ರ ಬಾಯಿಂದ ಬಾಯಿಗೆ ಬಂದು ನಮ್ಮ ಊರಿನ ಕಟ್ಟೆಯಲ್ಲಿ ಇವತ್ತಿಗೂ ಕೂತಿದೆ.

ಇನ್ನೊಂದು ವಿಷಯವೂ ಗೊತ್ತಿರಲಿ. ಬಹಳ ಶುದ್ಧಿ ಮಾಡಿದ ಪೆಟ್ರೋಲಿಯಂ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಕರೆಯಬಹುದೇ ಎಂದು ಅಮೆರಿಕದಲ್ಲಿ ಎರಡು ಕಂಪನಿಗಳ ನಡುವೆ ತಕರಾರಾಗಿ, 1999ರಲ್ಲಿ ಕರೆಯಬಹುದು ಎಂಬ ತೀರ್ಮಾನ ಬಂತು. ಹಾಗಾಗಿ ಡಬ್ಬಿ ಮೇಲೆ ಸಿಂಥೆಟಿಕ್ ಅಂತ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಸೆಮಿ ಸಿಂಥೆಟಿಕ್ ಅನ್ನುವುದರಲ್ಲಿ ಎಷ್ಟು ಪಾಲು ಸಿಂಥೆಟಿಕ್ ಇದೆ ಎನ್ನುವುದೂ ಡಬ್ಬಿಯಿಂದ ಗೊತ್ತಾಗುವುದಿಲ್ಲ. ಹೆಸರಿಗಿಂತ ಮುಖ್ಯವಾದದ್ದು ಡಬ್ಬಿ ಮೇಲಿನ ನಂಬರು ಮತ್ತು ದರ್ಜೆ. ಸಿಎಫ್-4, ಸಿಎಚ್-4, ಸಿಐ-4 ಎಂದು ಸಿ ಅಕ್ಷರದಿಂದ ಶುರುವಾದರೆ ಡೀಸೆಲ್ ಇಂಜಿನ್ನಿನದು. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಇಂಜಿನ್ನಿನದು. ಕೆಲವಕ್ಕೆ ಎರಡೂ ಇರುತ್ತವೆ.

ಹಾಗಾದರೆ ನಮ್ಮ ಹಳೇ ಇಂಜಿನ್ನಿಗೆ?

ಸೋರುವ ಇಂಜಿನ್ನುಗಳು ಸಿಂಥೆಟಿಕ್ ಹಾಕಿದ ಮೇಲೆ ಸೋರಿದ್ದು ಸುಳ್ಳಲ್ಲ. ಅಲ್ಲಿ ಆಗುವುದೇನೆಂದರೆ, ಸೀಲು ಮೊದಲೇ ಬಿಸಿಗೆ ಒಣಗಿ ಬಿರುಸಾಗಿರುತ್ತದೆ. ಅದರ ಸಂದಿಗೆ ಹಳೇ ಕೊಳೆಯೇ ಬೆಣೆಯ ಹಾಗೆ ಕೂತಿರುತ್ತದೆ. ಹೊಸ ಆಯಿಲ್ ಆ ಕೊಳೆಯನ್ನು ತೊಳೆದಾಗ ಮುಚ್ಚಿಕೊಂಡಿದ್ದ ತೂತು ಬಯಲಿಗೆ ಬರುತ್ತದೆ. ಸುಣ್ಣ ಬಳಿದ ಗೋಡೆಯ ಬಿರುಕು ಸುಣ್ಣ ಕೆರೆದಾಗ ಕಂಡ ಹಾಗೆ. ಕೆರೆದವನು ಬಿರುಕು ಮಾಡಲಿಲ್ಲ. ಕೆಲವು ಹಳೆಯ ಟ್ರ್ಯಾಕ್ಟರುಗಳ ಕ್ರ್ಯಾಂಕಿನ ಹಿಂದೆ ಇರುವುದು ರಬ್ಬರೂ ಅಲ್ಲ, ಹಗ್ಗದಂಥ ಸೀಲು. ಅವು ಸೋರುವುದು ಇನ್ನೂ ಬೇಗ.

ಆದ್ದರಿಂದ ಆಯಿಲ್ ನೋಡುವ ಮೊದಲು ಇಂಜಿನ್ ನೋಡಬೇಕು. ನಾನು ಹೇಳುವ ಪರೀಕ್ಷೆ ಇಷ್ಟು. ಒಂದು, ಹಗಲು ಪೂರ್ತಿ ಉಳುಮೆ ಮಾಡಿ ಮಾರನೆಯ ಬೆಳಗ್ಗೆ ಸಮನಾದ ನೆಲದಲ್ಲಿ ಆಯಿಲ್ ಕಡ್ಡಿ ತೆಗೆದು ಎಷ್ಟು ಇಳಿದಿದೆ ನೋಡಿ. ಎರಡು, ಇಂಜಿನ್ ಬಿಸಿಯಿದ್ದಾಗ ಬ್ರೀದರ್ ಬಾಯಲ್ಲಿ ಹೊಗೆ ದಟ್ಟವಾಗಿ ತಳ್ಳುತ್ತಿದೆಯಾ ನೋಡಿ. ತಳ್ಳುತ್ತಿದ್ದರೆ ರಿಂಗು ಸವೆದಿದೆ. ಮೂರು, ಇಂಜಿನ್ ಹೊರಗೆ ತೊಳೆದು ಒಣಗಿಸಿ, ಎರಡು ದಿನ ಓಡಿಸಿ, ಎಲ್ಲಿ ಜಿನುಗಿದೆ ನೋಡಿ.

ನೀಲಿ ಹೊಗೆ ಬಿಟ್ಟು ಆಯಿಲ್ ಕುಡಿಯುವ ಇಂಜಿನ್ನಿಗೆ ಸಿಂಥೆಟಿಕ್ ದಂಡ. ಎರಡು ಮೂರು ಪಟ್ಟು ಬೆಲೆಯ ಆಯಿಲ್ ಹೊಗೆಯಾಗಿ ಹೋಗುತ್ತದೆ. ಸವೆದ ಬೋರು ಯಾವ ಆಯಿಲ್‌ನಿಂದಲೂ ತುಂಬುವುದಿಲ್ಲ. ಅಂಥದಕ್ಕೆ ಪುಸ್ತಕದಲ್ಲಿ ಹೇಳಿದ ಮಿನರಲ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿಕೊಂಡು, ಬೋರ್ ಮಾಡಿಸಲು ದುಡ್ಡು ಕೂಡಿಡುವುದೇ ಸರಿ.

ಆಯಿಲ್ ಕುಡಿಯದ, ಸೋರದ, ಬರೀ ವಯಸ್ಸಾದ ಇಂಜಿನ್ನಾದರೆ ಧಾರಾಳವಾಗಿ ಬದಲಿಸಬಹುದು. ಆದರೆ ಅವಸರ ಬೇಡ. ಹಿಂದೆ ಸರಿಯಾಗಿ ಆಯಿಲ್ ಬದಲಿಸದೆ ಕೊಳೆ ಕೂತಿದ್ದರೆ, ಮೊದಲು ಒಳ್ಳೆಯ ಡೀಸೆಲ್ ದರ್ಜೆಯ ಮಿನರಲ್ ಆಯಿಲ್ ಹಾಕಿ, ಅರ್ಧ ಅವಧಿಗೇ ಫಿಲ್ಟರ್ ಸಮೇತ ಎರಡು ಸಲ ಬದಲಿಸಿ. ಕೊಳೆ ನಿಧಾನವಾಗಿ ಹೊರಗೆ ಬರುತ್ತದೆ. ಆಮೇಲೆ ಸೆಮಿ ಸಿಂಥೆಟಿಕ್ಕೋ ಸಿಂಥೆಟಿಕ್ಕೋ ಹಾಕಿ. ನಂಬರು ಮಾತ್ರ ಪುಸ್ತಕದಲ್ಲಿ ಹೇಳಿದ್ದೇ ಇರಲಿ. ಹೊಸ ಕಾರಿನ 5ಡಬ್ಲ್ಯೂ-30 ತೆಳು ಆಯಿಲ್ ತಂದು ಹಳೇ ಟ್ರ್ಯಾಕ್ಟರಿಗೆ ಸುರಿದರೆ ಸವೆದ ಬೇರಿಂಗಿನಲ್ಲಿ ಪ್ರೆಷರ್ ನಿಲ್ಲುವುದಿಲ್ಲ. ಇಂಜಿನ್ ಆಯಿಲ್ ಇಂಜಿನ್ನಿಗೆ ಮಾತ್ರ. ಗೇರ್ ಬಾಕ್ಸು, ಹೈಡ್ರಾಲಿಕ್ಕಿನ ಆಯಿಲ್ ಲೆಕ್ಕವೇ ಬೇರೆ.

ಸೀಮೆ ನೋಡಿ ಲೆಕ್ಕ

ಇಷ್ಟು ದುಡ್ಡು ಕೊಟ್ಟರೆ ನಮಗೇನು ಲಾಭ ಎಂಬುದನ್ನೂ ನೋಡಬೇಕು. ಚಳಿ ದೇಶದಲ್ಲಿ ಸಿಂಥೆಟಿಕ್ಕಿನ ದೊಡ್ಡ ಗುಣ ಮಂಜಿನಲ್ಲಿ ಸ್ಟಾರ್ಟ್ ಆಗುವುದು. ನಮ್ಮ ಮಾಗಿ ಚಳಿಗೆ ಅದರ ಅಗತ್ಯ ಅಷ್ಟಾಗಿ ಇಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ಕೆಸರು ಗದ್ದೆಯಲ್ಲಿ ರೋಟವೇಟರ್ ಹಾಕಿ ಬೆಳಗಿನಿಂದ ಸಂಜೆವರೆಗೆ ದುಡಿಯುವ, ಕಬ್ಬಿನ ಟ್ರೈಲರ್ ಎಳೆದು ಕಾರ್ಖಾನೆ ಮುಂದೆ ಸಾಲು ನಿಲ್ಲುವ ಇಂಜಿನ್ನು ಬಹಳ ಕಾಯುತ್ತದೆ. ಅಲ್ಲಿ ಬಿಸಿಗೆ ಕೆಡದ ಆಯಿಲ್‌ನಿಂದ ಉಪಯೋಗ ಇದೆ. ನಾಗಮಂಗಲ, ಕೆ.ಆರ್. ಪೇಟೆಯ ಒಣ ಹೊಲದಲ್ಲಿ ದೊಡ್ಡ ಶತ್ರು ಧೂಳು. ಏರ್ ಕ್ಲೀನರ್ ಶುದ್ಧಿ ಮಾಡದೆ ಎಂಥ ಆಯಿಲ್ ಹಾಕಿದರೂ ಧೂಳು ಬೋರನ್ನು ಉಜ್ಜಿಹಾಕುತ್ತದೆ. ಅಲ್ಲಿ ಮೊದಲ ಖರ್ಚು ಏರ್ ಕ್ಲೀನರಿಗೆ, ಆಮೇಲೆ ಆಯಿಲ್‌ಗೆ.

ಇನ್ನೊಂದು ಒಳ್ಳೆಯ ಸಂಗತಿ ಇದೆ. 1990ರ ದಶಕದ ಮೊದಲ ಭಾಗದಲ್ಲಿ ನಮ್ಮ ಡೀಸೆಲಿನಲ್ಲಿ ಗಂಧಕ ನೂರಕ್ಕೆ ಒಂದು ಪಾಲಿನವರೆಗೂ ಇರಬಹುದಿತ್ತು. ಅದು ಉರಿದಾಗ ಆಮ್ಲವಾಗಿ ಆಯಿಲ್‌ನ್ನು ಕೆಡಿಸುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್ ಬಂದಿದೆ. ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲಿಗಿಂತ ಹೆಚ್ಚಿರುವಂತಿಲ್ಲ. ಅಂದರೆ ಹಳೇ ಇಂಜಿನ್ನಿಗೂ ಈಗ ಸಿಗುವ ಡೀಸೆಲ್ ಅದರ ಹರೆಯದಲ್ಲಿ ಸಿಕ್ಕಿದ್ದಕ್ಕಿಂತ ಶುದ್ಧ. ಹಾಗಂತ ಸಿಂಥೆಟಿಕ್ ಹಾಕಿದ್ದೇವೆ ಎಂದು ಎರಡು ಪಟ್ಟು ಗಂಟೆ ಓಡಿಸಬೇಡಿ. ಹಳೇ ಇಂಜಿನ್ನಿನಲ್ಲಿ ಮಸಿಯೂ ಧೂಳೂ ಆಯಿಲ್‌ಗೆ ಸೇರುತ್ತಲೇ ಇರುತ್ತವೆ.

ಸಂಘಕ್ಕೆ ನನ್ನ ಸಲಹೆ

ಇಷ್ಟೂ ಚರಿತ್ರೆ ನೋಡಿದರೆ ನನಗೆ ತಿಳಿದದ್ದು ಒಂದೇ. ಆಯಿಲ್ ಬದಲಾದಾಗಲೆಲ್ಲ ಹುಟ್ಟಿದ ಭಯಕ್ಕೆ ಆ ಕಾಲದಲ್ಲಿ ಕಾರಣ ಇತ್ತು. ಕಾರಣ ಹೋದ ಮೇಲೂ ಭಯ ಉಳಿಯಿತು. ಹಾಗೆಯೇ ಹೊಸದು ಬಂದಾಗಲೆಲ್ಲ "ಇದು ಹಾಕಿದರೆ ಎಲ್ಲ ಸರಿಹೋಗುತ್ತದೆ" ಎಂಬ ಆಸೆಯೂ ಹುಟ್ಟಿತು. ಇಂಜಿನ್ ಉಳಿಸಿದ್ದು ಮಾತ್ರ ಯಾವಾಗಲೂ ಹೊತ್ತಿಗೆ ಸರಿಯಾಗಿ ಆಯಿಲ್ ನೋಡಿದ ಕೈ.

ಸಂಘದ ಟ್ರ್ಯಾಕ್ಟರಿಗೆ ಮೊದಲು ಆಗಬೇಕಾದದ್ದು ಗಂಟೆ ಮೀಟರ್ ರಿಪೇರಿ ಮತ್ತು ಒಂದು ನೋಟ್ ಬುಕ್ಕು. ಎಷ್ಟು ಗಂಟೆಗೆ ಆಯಿಲ್ ಬದಲಿಸಿತು, ನಡುವೆ ಎಷ್ಟು ತುಂಬಿತು, ಫಿಲ್ಟರ್ ಯಾವಾಗ ಹಾಕಿತು ಎಂದು ಡ್ರೈವರು ಬರೆದು ಕಾರ್ಯದರ್ಶಿಗಳಿಂದ ಸಹಿ ಹಾಕಿಸಬೇಕು. ಒಂದು ಕಬ್ಬಿನ ಹಂಗಾಮು ಪೂರ್ತಿ ಈ ಲೆಕ್ಕ ಇಟ್ಟರೆ, ಸಿಂಥೆಟಿಕ್ ಬೇಕೋ ಬೇಡವೋ ಎಂದು ಮಹಾಸಭೆಯಲ್ಲಿ ಗಲಾಟೆ ಮಾಡುವ ಅಗತ್ಯವೇ ಬರುವುದಿಲ್ಲ. ನೋಟ್ ಬುಕ್ಕೇ ಹೇಳುತ್ತದೆ. ಸದಸ್ಯರಿಗೆ ಬೇಕಾದ ಆಯಿಲ್‌ನ್ನು ಸಂಘವೇ ಅಧಿಕೃತ ಮಾರಾಟಗಾರರಿಂದ ಒಟ್ಟಿಗೆ ತರಿಸಿದರೆ ನಕಲಿ ಡಬ್ಬಿಯ ಕಾಟವೂ ತಪ್ಪುತ್ತದೆ, ಬೆಲೆಯಲ್ಲೂ ಉಳಿತಾಯ. ತೆಗೆದ ಕರಿ ಆಯಿಲ್‌ನ್ನು ನಾಲೆ, ಕೆರೆ, ಬದುವಿಗೆ ಚೆಲ್ಲದೆ ಸಂಘದ ಡ್ರಮ್ಮಿಗೆ ತಂದು ಹಾಕಿದರೆ ಪರವಾನಗಿ ಇರುವವರಿಗೆ ಕೊಡಬಹುದು. ನಾಲೆ ನೀರೇ ನಮ್ಮ ಅನ್ನ ಎಂಬುದನ್ನು ಮಂಡ್ಯ ಜಿಲ್ಲೆಯ ರೈತರಿಗೆ ಬೇರೆ ಹೇಳಬೇಕಾಗಿಲ್ಲ.

ಸಂಘವೂ ಒಂದು ಗಾಡಿಯೇ. ಷೇರುದಾರರು ಅದರ ಎತ್ತುಗಳು, ಲೆಕ್ಕಪತ್ರ ಅದರ ಕೀಲು. ಇಪ್ಪತ್ತೈದು ವರ್ಷ ಕೀಲಿಗೆ ಎಣ್ಣೆ ಬಿಡುತ್ತಾ ಬಂದ ಹಿರಿಯರಿಗೆಲ್ಲ ನಮಸ್ಕಾರಗಳು. ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ, ಜೈ ಕಿಸಾನ್.